ಎಚ್‌ಬಿಎ1ಸಿ 6.1, ಫಾಸ್ಟಿಂಗ್ 112: ಕುಚ್ಚಲಕ್ಕಿ ಗಂಜಿ ಬಿಡಲೇಬೇಕಾ?

ಅಘನಾಶಿನಿ, ಕುಮಟಾ

ಅಣ್ಣನಿಗೆ 44 ವರ್ಷ, ಎತ್ತರ 5 ಅಡಿ 6 ಇಂಚು, ತೂಕ 78 ಕೆಜಿ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ. ಡಾಕ್ಟರು ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ ಎಂದಿದ್ದಾರೆ. ಮಾತ್ರೆ ಈಗ ಬೇಡ, ಮೂರು ತಿಂಗಳು ಊಟ, ನಡಿಗೆ ಸರಿಮಾಡಿಕೊಂಡು ಬನ್ನಿ ಅಂತ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಇಲ್ಲವೇ ದೋಸೆ-ಜೋನಿ ಬೆಲ್ಲ, ಎರಡು ಹೊತ್ತು ಅನ್ನ-ಮೀನು ಸಾರು. ಲ್ಯಾಬಿನಲ್ಲಿ ಫಾಸ್ಟಿಂಗ್ (ಖಾಲಿ ಹೊಟ್ಟೆಯ ಸಕ್ಕರೆ) 112 ಬಂದ ದಿನವೇ ಮನೆಯ ಗ್ಲುಕೋಮೀಟರ್ 124 ತೋರಿಸಿತು. ಯಾವುದನ್ನು ನಂಬೋದು? ದಿನಾ ಚುಚ್ಚಿಕೊಳ್ಳಬೇಕಾ? ಮಳೆ ಹಿಡಿದರೆ ವಾಕಿಂಗ್ ಹೇಗೆ?

ಸ್ಲೈಡು-ಸಿರಿಂಜು, ಕಾರವಾರ

ಎರಡೂ ಸರಿ ಇರಬಹುದು. ಮನೆ ಮೀಟರುಗಳ ಐಎಸ್‌ಒ ಮಾನದಂಡವೇ (15197:2013) 100ರ ಮೇಲಿನ ಅಂಕಿಗೆ ಶೇ. 15ರಷ್ಟು ಹೆಚ್ಚು-ಕಡಿಮೆಯನ್ನು ಒಪ್ಪುತ್ತದೆ. 112ಕ್ಕೆ ಅಂದರೆ 95ರಿಂದ 129. ಲ್ಯಾಬಿನ ಅಂಕಿ ಇಳಿಯಲಿಕ್ಕೂ ಕಾರಣ ಉಂಟು: ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸ್ ಬಳಸುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇ. 5–7. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಾದರೂ ಮೊದಲ ಒಂದೆರಡು ತಾಸು ಇದನ್ನು ಪೂರ್ತಿ ತಡೆಯುವುದಿಲ್ಲ. ಊರಲ್ಲಿ ಕೊಟ್ಟ ರಕ್ತ ಹುಬ್ಬಳ್ಳಿಗೆ ಹೋಗಿ ಟೆಸ್ಟ್ ಆಗುವುದಾದರೆ ಫಾಸ್ಟಿಂಗ್ ಮಟ್ಟಿಗೆ ಹತ್ತಿರದ ಲ್ಯಾಬೇ ವಾಸಿ.

ನಮ್ಮ ಕರಾವಳಿಯಲ್ಲಿ ಮೀಟರಿಗೆ ಹಾಕುವ ಸ್ಟ್ರಿಪ್ ಕೆಡುವುದು ಹೆಚ್ಚಾಗಿ ತೇವಕ್ಕೆ. ಒಂದನ್ನು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಬೇಕು, ಬಿಡಿಯಾಗಿ ಕವರಿನಲ್ಲಿ ಇಡಬಾರದು. ಫ್ರಿಜ್ಜಂತೂ ಬೇಡ, ಹೊರಗೆ ತೆಗೆದಾಗ ಒಳಗೆ ನೀರು ಹನಿಗಟ್ಟುತ್ತದೆ. ಡಬ್ಬಿ ಒಡೆದ ತಾರೀಕು ಮೇಲೆ ಬರೆದಿಡಿ. ಒಡೆದ ಮೇಲೆ ಎಷ್ಟು ತಿಂಗಳು ಬಾಳುತ್ತದೆ ಅಂತ ಲೇಬಲ್ಲಿನಲ್ಲೇ ಇರುತ್ತದೆ. ಕೈಯನ್ನು ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ. ಮಾವಿನಹಣ್ಣು ಸುಲಿದ ಬೆರಳಿಗೆ ಚುಚ್ಚಿದರೆ ಅಂಕಿ ಸುಮ್ಮನೆ ಏರುತ್ತದೆ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಕೈ ಕೆಳಗೆ ಇಳಿಬಿಡಿ. ಹಿಂಡಿ ಹಿಂಡಿ ತೆಗೆದರೆ ರಕ್ತಕ್ಕೆ ಅಂಗಾಂಶದ ನೀರು ಬೆರೆಯುತ್ತದೆ.

ಹಿಮೋಗ್ಲೋಬಿನ್ ಎಷ್ಟಿದೆ ನೋಡಿದ್ದೀರಾ? ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು.

ತಂಬುಳಿ, ಶಿರಸಿ

ದಿನಾ ಚುಚ್ಚುವ ಅಗತ್ಯ ಇಲ್ಲ. ಎಚ್‌ಬಿಎ1ಸಿ 6.1 ಅಂದರೆ ಸರಾಸರಿ ಸಕ್ಕರೆ ಸುಮಾರು 128. ಬೆಳಿಗ್ಗೆ ಖಾಲಿ ಹೊಟ್ಟೆಗೆ 112 ಇದ್ದವರ ಸರಾಸರಿ 128 ಆಗಬೇಕಾದರೆ ಊಟವಾದ ಮೇಲೆ ಅದಕ್ಕಿಂತ ಮೇಲೆ ಹೋಗುತ್ತಿದೆ ಅಂತಲೇ ಅರ್ಥ. ಬರೀ ಫಾಸ್ಟಿಂಗ್ ನೋಡುತ್ತಾ ಕೂತರೆ ಇದು ಸಿಗುವುದಿಲ್ಲ. ವಾರಕ್ಕೆ ಮೂರು ದಿನ, ಒಂದೇ ಊಟಕ್ಕೆ ಜೋಡಿ ಟೆಸ್ಟ್ ಮಾಡಿ: ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ತಾಸಿಗೆ ಇನ್ನೊಮ್ಮೆ. ಈ ವಾರ ಗಂಜಿ, ಮುಂದಿನ ವಾರ ಮಧ್ಯಾಹ್ನದ ಅನ್ನ. ಏನು, ಎಷ್ಟು ತಿಂದದ್ದು ಅಂತ ಪಕ್ಕದಲ್ಲೇ ಬರೆಯಿರಿ, ಇಲ್ಲದಿದ್ದರೆ ಸ್ಟ್ರಿಪ್ ದಂಡ. 140ರ ಒಳಗೆ ಉಳಿದರೆ ಆ ಪ್ರಮಾಣ ಸದ್ಯಕ್ಕೆ ಅಡ್ಡಿಯಿಲ್ಲ. ಮೇಲೆ ಹೋದರೆ ಅಕ್ಕಿ ಇಳಿಸಿ ಮತ್ತೆ ನೋಡಿ.

ಗಂಜಿ ಬಿಡಬೇಕಾಗಿಲ್ಲ, ಅಕ್ಕಿ ತೂಗಬೇಕು. 100 ಗ್ರಾಂ ಅಕ್ಕಿಯಲ್ಲಿ ಹತ್ತಿರಹತ್ತಿರ 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಕುಚ್ಚಲಕ್ಕಿಯಾದರೂ ಅಷ್ಟೇ. ಒಬ್ಬರಿಗೆ 40–50 ಗ್ರಾಂ ಅಕ್ಕಿ ಸಾಕು. ಗಂಜಿ-ಉಪ್ಪಿನಕಾಯಿ ಜೋಡಿಯೇ ತೊಂದರೆ, ಪ್ರೋಟೀನು ಇಲ್ಲವೇ ಇಲ್ಲ. ಹೆಸರುಕಾಳಿನ ಉಸಳಿಯೋ ಮೊಟ್ಟೆಯೋ ಜೊತೆಗಿರಲಿ. ಮಧ್ಯಾಹ್ನ ಪಲ್ಯ, ಬಂಗಡೆ ಮೊದಲು, ಅನ್ನ ಕೊನೆಗೆ. ಈ ಅನುಕ್ರಮಕ್ಕೇ ಏರಿಕೆ ತಗ್ಗುತ್ತದೆ. ಮೀನಿಗೆ ರವೆ ಮೆತ್ತಿ ಎಣ್ಣೆಯಲ್ಲಿ ಮುಳುಗಿಸುವುದು ಬೇಡ.

ಜೋನಿ ಬೆಲ್ಲಕ್ಕೆ ರಿಯಾಯಿತಿ ಇಲ್ಲ. ದೊಡ್ಡ ಚಮಚದಲ್ಲಿ 12–15 ಗ್ರಾಂ ಸಕ್ಕರೆ ಇರುತ್ತದೆ, ಆಲೆಮನೆಯದ್ದೋ ಅಂಗಡಿಯದ್ದೋ ಎಂದು ಮೇದೋಜೀರಕ ಕೇಳುವುದಿಲ್ಲ. ದೋಸೆಗೆ ಚಟ್ನಿ ಆಗಲಿ. ಕೋಕಂ ಸಿರಪ್ಪಿನ ಬದಲು ಸಕ್ಕರೆ ಹಾಕದ ಸೋಲ್‌ಕಡಿ. ಹಲಸಿನಹಣ್ಣು ಮೂರ್ನಾಲ್ಕು ತೊಳೆ ತಿಂದರೆ ಕಾರ್ಬೋಹೈಡ್ರೇಟ್ 20 ಗ್ರಾಂ ದಾಟುತ್ತದೆ, ತಿನ್ನುವ ದಿನ ಅನ್ನ ಅಷ್ಟು ಕಡಿಮೆ ಮಾಡಿ.

ಗುಡ್ಡೆಮನೆ, ಸಿದ್ದಾಪುರ

ಅನ್ನ ಪೂರ್ತಿ ಬಿಟ್ಟು ರಾಗಿ ಅಂಬಲಿಗೆ ಬಂದರೆ ಇಷ್ಟೆಲ್ಲ ಲೆಕ್ಕ ಯಾಕೆ ಬೇಕು?

ತಂಬುಳಿ, ಶಿರಸಿ

ಬೇಕು ಭಾವ. ರಾಗಿಯಲ್ಲೂ 100 ಗ್ರಾಮಿಗೆ 67ರ ಆಸುಪಾಸು ಕಾರ್ಬೋಹೈಡ್ರೇಟ್ ಇದೆ. ನಾರು ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಕುದಿಸಿ ಗಟಗಟ ಕುಡಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಅಗಿದು ತಿನ್ನುವ ರೊಟ್ಟಿ ಮೇಲು. ನಂಬಿಕೆ ಇಲ್ಲದಿದ್ದರೆ ಜೋಡಿ ಟೆಸ್ಟ್ ಇದ್ದೇ ಇದೆ.

ಕಾಳಿ ಸೇತುವೆ, ಸದಾಶಿವಗಡ

ನಡಿಗೆ ವಿಷಯ. ವಾರಕ್ಕೆ 150 ನಿಮಿಷ, ತೂಕದಲ್ಲಿ ಶೇ. 7 ಇಳಿಕೆ: ಅಮೆರಿಕದ ಡಯಾಬಿಟಿಸ್ ಪ್ರಿವೆನ್ಶನ್ ಪ್ರೋಗ್ರಾಂ ಇಟ್ಟುಕೊಂಡ ಗುರಿ ಇದು. 2002ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಸಕ್ಕರೆ ಕಾಯಿಲೆಗೆ ತಿರುಗುವವರು ಶೇ. 58 ಕಡಿಮೆಯಾಗಿದ್ದರು. ಭಾರತೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಳಿಕೆ ಶೇ. 28.5. ನಿಮ್ಮ ಅಣ್ಣನಿಗೆ ಶೇ. 7 ಅಂದರೆ ಐದೂವರೆ ಕೆಜಿ.

ಬೆಳಿಗ್ಗೆ ಒಮ್ಮೆ ಬೀಚಿಗೆ ಹೋಗಿ ಬಂದು ಉಳಿದ ದಿನವಿಡೀ ಕೂತರೆ ಸಾಲದು. ಪ್ರತಿ ಊಟದ ಮೇಲೆ 10–15 ನಿಮಿಷ ನಡೆಯಲಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಇಳಿದು ಸೊಂಟ ಮುರಿದುಕೊಳ್ಳಬೇಡಿ, ಜಗಲಿ ಮೇಲೆ ಶತಪಥ ಹಾಕಿದರಾಯಿತು. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಪುಶ್‌ಅಪ್, ತಲಾ ಹತ್ತರಂತೆ ಮೂರು ಸಲ.

ಅಘನಾಶಿನಿ, ಕುಮಟಾ

ಎಲ್ಲರಿಗೂ ಧನ್ಯವಾದ. ಎಚ್‌ಬಿಎ1ಸಿ ಒಂದು ತಿಂಗಳಿಗೇ ಮತ್ತೆ ಮಾಡಿಸಬಹುದಾ?

ಸ್ಲೈಡು-ಸಿರಿಂಜು, ಕಾರವಾರ

ದುಡ್ಡು ದಂಡ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ತಿಂಗಳಿಗೆ ಹಳೆಯ ಸಕ್ಕರೆಯ ಗುರುತು ಇನ್ನೂ ಅದರಲ್ಲಿರುತ್ತದೆ. ಮೂರು ತಿಂಗಳಿಗೆ, ಅದೇ ಲ್ಯಾಬಿನಲ್ಲಿ ಮಾಡಿಸಿ. ಆದರೆ ಫಾಸ್ಟಿಂಗ್ ಮತ್ತೆ ಮತ್ತೆ 126 ದಾಟಿದರೆ, ವಿಪರೀತ ಬಾಯಾರಿಕೆ, ರಾತ್ರಿ ಪದೇಪದೇ ಮೂತ್ರ, ಪ್ರಯತ್ನವಿಲ್ಲದೆ ತೂಕ ಇಳಿಯುವುದು ಕಂಡರೆ ಅಲ್ಲಿವರೆಗೆ ಕಾಯಬೇಡಿ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ ಕಾಯಿಲೆ, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿಗಾದರೂ ತೋರಿಸಿ, ಬರೆದಿಟ್ಟ ಜೋಡಿ ಟೆಸ್ಟಿನ ಪುಸ್ತಕ ಜೊತೆಗಿರಲಿ.