ಸ್ಪೋರ್ಟ್ಸ್ ಕಾರು ಮಾಡುವ ಕಂಪನಿಯ ಕಾರನ್ನೇ ತಗೋಬೇಕಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಜಮಖಂಡಿಯಿಂದ:

ಎಲ್ಲರಿಗೂ ನಮಸ್ಕಾರ. ದೀಪಾವಳಿ ಪಾಡ್ಯಕ್ಕೆ ಮನೆಗೆ ಹೊಸ ಕಾರು ತರಬೇಕು ಅಂತಿದ್ದೇವೆ. ಆನ್‌ರೋಡ್ 14 ಲಕ್ಷದೊಳಗೆ. ಓಡಾಟ ಹೆಚ್ಚಾಗಿ ಹೊಲ-ಮನೆ, ಆಗಾಗ ಬೆಳಗಾವಿ, ವಿಜಯಪುರ. ಎರಡು ಕಂಪನಿಯ ಗಾಡಿ ನೋಡಿದೆವು, ಎರಡೂ ಹಿಡಿಸಿವೆ. ಆದರೆ ಮನೆಯಲ್ಲಿ ಬೇರೆಯೇ ವಾದ ಎದ್ದಿದೆ. ನನ್ನ ತಮ್ಮ ಹೇಳೋದು ಏನಂದ್ರೆ, ಒಂದು ಕಂಪನಿ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರು ಮಾಡಿ ತೋರಿಸಿದೆ, ಅಂಥವರ ಇಂಜಿನಿಯರಿಂಗ್ ಗಟ್ಟಿ, ಅದನ್ನೇ ತಗೊಳ್ಳೋಣ. ಇನ್ನೊಂದು ಕಂಪನಿ ಬರೀ ಮನೆಮಂದಿಯ ಕಾರು ಮಾಡುತ್ತದೆ, ಅದರಲ್ಲಿ ದಮ್ ಇಲ್ಲ ಅಂತಾನೆ. ಅಪ್ಪ ಹೇಳೋದು, ಆ ಕೋಟಿ ಕಾರಿನಿಂದ ನಮಗೇನು ಬಂತು, ಸರ್ವಿಸ್ ಎಲ್ಲಿದೆ ಅಷ್ಟು ಹೇಳು ಅಂತ. ದಿನನಿತ್ಯದ ಕಾರು ಮಾರುವ ಕಂಪನಿಗೆ ಅಂಥದ್ದೊಂದು ಕಾರು ನಿಜವಾಗಿ ಬೇಕಾ? ಇದ್ರೆ ನಮ್ಮ ಕಾರಿಗೆ ಅದರಿಂದ ಏನಾದ್ರೂ ಇಳಿದು ಬರುತ್ತಾ? ಓಡಿಸಿದವರು, ಮಾರಿದವರು, ರಿಪೇರಿ ಮಾಡಿದವರು ಹೇಳಿ.

ವಿಜಯಪುರ, ಟ್ಯಾಕ್ಸಿ:

ಅಪ್ಪಾಜಿ ಹೇಳಿದ್ದು ಸರಿ ಇದೆ. ನಾನು ಗೋಳಗುಮ್ಮಟ ನೋಡಲು ಬಂದವರನ್ನು ಬಾದಾಮಿ, ಪಟ್ಟದಕಲ್ಲು, ಆಲಮಟ್ಟಿ ಅಂತ ಸುತ್ತಿಸುವವನು. ನಮ್ಮ ಸ್ಟ್ಯಾಂಡಿನಲ್ಲಿ ಇನ್ನೋವಾಕ್ಕೆ ಇರುವ ಮರ್ಯಾದೆ ಬೇರೆ ಯಾವ ಗಾಡಿಗೂ ಇಲ್ಲ. ಅದು 2005ರಲ್ಲಿ ಬಂತು. ಅದೇ ಟೊಯೋಟಾದವರು ತಮ್ಮ ಲೆಕ್ಸಸ್ ಹೆಸರಿನಲ್ಲಿ 2010ರಿಂದ 2012ರವರೆಗೆ ಎಲ್‌ಎಫ್‌ಎ ಅಂತ ವಿ10 (ಹತ್ತು ಸಿಲಿಂಡರಿನ) ಇಂಜಿನ್ ಇರುವ ಸ್ಪೋರ್ಟ್ಸ್ ಗಾಡಿ ಕಟ್ಟಿದರು, ಲೋಕಕ್ಕೆಲ್ಲ ಸೇರಿ 500 ಮಾತ್ರ. ನನಗೆ ಇದು ಗೊತ್ತಾಗಿದ್ದು ಮಗನಿಂದ. ಸ್ಟ್ಯಾಂಡಿನಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಇನ್ನೋವಾ ಹೆಸರು ಮಾಡಿದ್ದು ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಅಷ್ಟೇ.

ಬೆಳಗಾವಿ, ಶೋರೂಮ್ ಸೇಲ್ಸ್:

ನಾನು ಹಿಂದೆ ಕೆಲಸ ಮಾಡಿದ ಶೋರೂಮಿನ ಹೆಸರು ಹೇಳಲ್ಲ. ಅಲ್ಲಿ ಕಂಪನಿಯವರು ಒಮ್ಮೆ ತಮ್ಮ ದೊಡ್ಡ ಪರ್ಫಾರ್ಮೆನ್ಸ್ ಕಾರನ್ನು ವಾರಾಂತ್ಯಕ್ಕೆ ತಂದು ನಿಲ್ಲಿಸಿದ್ದರು. ಜನವೋ ಜನ. ಕಾಲೇಜು ಹುಡುಗರು, ಡಾಕ್ಟರು, ಖಾನಾಪುರ ಕಡೆಯ ರೈತರು, ಎಲ್ಲರೂ ಬಂದು ಫೋಟೋ ತೆಗೆಸಿಕೊಂಡರು. ಪಕ್ಕದಲ್ಲೇ ನಿಂತಿದ್ದ ಎಂಟು ಲಕ್ಷದ ಗಾಡಿಯ ಬಾಗಿಲು ತೆಗೆದು ನೋಡಿದವರು ಕಡಿಮೆ. ಆ ತಿಂಗಳ ಬುಕಿಂಗ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೈಲೇಜ್, ಎಕ್ಸ್‌ಚೇಂಜ್ ಬೆಲೆ, ಇಎಂಐ, ಕೇಳುವುದು ಅದೇ ಮೂರು.

ದೊಡ್ಡ ಉದಾಹರಣೆ ಬೇಕಂದ್ರೆ ನಿಸ್ಸಾನ್ ನೋಡಿ. 2016ರ ಡಿಸೆಂಬರಿನಲ್ಲಿ ಜಿಟಿ-ಆರ್ ಅನ್ನುವ ಸ್ಪೋರ್ಟ್ಸ್ ಕಾರನ್ನು ಭಾರತಕ್ಕೆ ತಂದರು, ದೆಹಲಿ ಎಕ್ಸ್‌ಶೋರೂಮ್ 1.99 ಕೋಟಿ. ಕಾರು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಅವರ ಕೈ ಹಿಡಿದದ್ದು 2020ರಲ್ಲಿ ಬಂದ ಸಣ್ಣ ಎಸ್‌ಯುವಿ ಮ್ಯಾಗ್ನೈಟ್. ಜಿಟಿ-ಆರ್ ಮತ್ತು ಮ್ಯಾಗ್ನೈಟ್ ನಡುವೆ ಸ್ಪೋರ್ಟ್ಸ್ ಕಾರಿನ ಒಂದು ಮೆಟ್ಟಿಲೂ ಇರಲಿಲ್ಲ, ಮೇಲಿನದನ್ನು ನೋಡಿ ಆಸೆ ಪಟ್ಟವನು ಹತ್ತೋದಾದ್ರೂ ಎಲ್ಲಿಂದ?

ಆದ್ರೂ ಒಂದು ಮಾತು. ಆ ಎರಡು ದಿನ ನಮ್ಮ ಸೇಲ್ಸ್ ಹುಡುಗರು, ಮೆಕ್ಯಾನಿಕ್‌ಗಳು ಎದೆ ಉಬ್ಬಿಸಿಕೊಂಡು ಓಡಾಡಿದರು. ಮನೆಯವರನ್ನು ಕರೆದುಕೊಂಡು ಬಂದು ತೋರಿಸಿದರು. ಅದಕ್ಕೆ ಬೆಲೆ ಇಲ್ಲ ಅನ್ನಲಾರೆ.

ಬೆಳಗಾವಿ ಉದ್ಯಮಬಾಗ, ಫೌಂಡ್ರಿ:

ನಾನು ಎರಕದ ಕೆಲಸದವನು, ಕ್ವಾಲಿಟಿ ನೋಡುತ್ತೇನೆ. ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸತ್ಯ ಇದೆ, ಆ ಅರ್ಧ ಯಾವುದು ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಖರ್ಚಿನ ಮಾತು. ಒಂದು ಬ್ರ್ಯಾಕೆಟ್ ಎರಕ ಹೊಯ್ಯಬೇಕಂದ್ರೆ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡಿಸಬೇಕು, ಒಳಗಿನ ಟೊಳ್ಳಿಗೆ ಕೋರ್ ಬಾಕ್ಸ್ ಮಾಡಿಸಬೇಕು, ಸ್ಯಾಂಪಲ್ ತೆಗೆದು ಕತ್ತರಿಸಿ ಒಳಗೆ ಬ್ಲೋಹೋಲ್ (ಗಾಳಿಗುಳ್ಳೆ) ಇದೆಯಾ ನೋಡಬೇಕು, ಮತ್ತೆ ತಿದ್ದಬೇಕು. ಈ ಖರ್ಚು ಐನೂರು ಪೀಸಿಗೂ ಅಷ್ಟೇ, ಐದು ಲಕ್ಷ ಪೀಸಿಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕೆಲವೇ ನೂರು ಕಾರು ಕಟ್ಟುವ ಕಂಪನಿ ಆ ಕಾರಿನಿಂದಲೇ ದುಡ್ಡು ಹುಟ್ಟಿಸುವುದು ಕಷ್ಟ. ಆ ದುಡ್ಡು ನಿಮ್ಮ-ನನ್ನ ಕಾರಿನ ಲಾಭದಿಂದಲೇ ಹೋಗಬೇಕು. ಹೋಗಲಿ, ಆದರೆ ತಿರುಗಿ ಏನು ಬಂತು ಅಂತ ಕೇಳುವ ಹಕ್ಕು ನಮಗಿದೆ.

ಕೆಲವು ಸಲ ಬಂದಿದೆ. ಹೋಂಡಾ 1990ರಲ್ಲಿ ಎನ್‌ಎಸ್‌ಎಕ್ಸ್ ಅನ್ನುವ ಸ್ಪೋರ್ಟ್ಸ್ ಕಾರು ತಂದಿತು. ಬಾಡಿ ಪೂರ್ತಿ ಅಲ್ಯೂಮಿನಿಯಂ, ಇಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಟೈಟಾನಿಯಂ. ಅಲ್ಯೂಮಿನಿಯಂ ತಗಡು ಒತ್ತುವುದು, ಬೆಸೆಯುವುದು ಉಕ್ಕಿನ ಹಾಗಲ್ಲ, ಅದನ್ನು ಕಲಿಯಲು ಬಹಳ ಕಷ್ಟಪಟ್ಟಿರಬೇಕು. ಆ ಕೈಪಳಗಿದ ಕೆಲಸ ಎಲ್ಲಿಗೆ ಹೋಯಿತು ಗೊತ್ತಾ? 1999ರ ಇನ್‌ಸೈಟ್‌ಗೆ. ಅದು ಹೈಬ್ರಿಡ್, ಮೈಲೇಜಿಗೆಂದೇ ಮಾಡಿದ ಪುಟ್ಟ ಕಾರು, ಎನ್‌ಎಸ್‌ಎಕ್ಸ್ ಕಟ್ಟುವ ಕಾರ್ಖಾನೆಯಲ್ಲೇ ಕಟ್ಟಿದರು. ಟೊಯೋಟಾದ್ದೂ ಅದೇ ಕಥೆ. ಎಲ್‌ಎಫ್‌ಎಗೆ ಮೊದಲು ಅಲ್ಯೂಮಿನಿಯಂ ಅಂದುಕೊಂಡಿದ್ದರು, ಆಮೇಲೆ ಕಾರ್ಬನ್ ಫೈಬರ್‌ಗೆ ಬದಲಾಯಿಸಿ ಆ ಕೆಲಸವನ್ನು ಹೊರಗೆ ಕೊಡದೆ ತಾವೇ ಕಲಿತರು. ಅದನ್ನು ಕಟ್ಟಿದ ಮೋಟೊಮಾಚಿ ಕಾರ್ಖಾನೆಯಲ್ಲೇ ಮುಂದೆ ಹೈಡ್ರೋಜನ್ ಕಾರು ಮಿರಾಯ್, 2020ರಿಂದ ಜಿಆರ್ ಯಾರಿಸ್ ಅನ್ನುವ ಚುರುಕಿನ ಪುಟ್ಟ ಕಾರು ಕಟ್ಟಿದರು.

ಈಗ ಇನ್ನೊಂದು ಕಡೆ ನೋಡಿ. ಹೋಂಡಾದ ವಿಟೆಕ್ (ಇಂಜಿನ್ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವುದನ್ನು ಬದಲಿಸುವ ತಂತ್ರ) ಸ್ಪೋರ್ಟ್ಸ್ ಕಾರಿನಿಂದ ಬಂತು ಅಂತ ಬಹಳ ಜನ ಹೇಳುತ್ತಾರೆ. ಅಲ್ಲ. ಅದು ಮೊದಲು ಬಂದಿದ್ದು 1989ರ ಇಂಟಿಗ್ರಾಕ್ಕೆ, ಜನ ದಿನಾ ಓಡಿಸುವ ಕಾರು. ಮರುವರ್ಷ ಎನ್‌ಎಸ್‌ಎಕ್ಸ್‌ಗೆ ಹೋಯಿತು. ಅಂದ್ರೆ ವಿದ್ಯೆ ಮೇಲಿನಿಂದ ಕೆಳಗೇ ಹರಿಯಬೇಕು ಅಂತ ನಿಯಮ ಇಲ್ಲ. ಫೋರ್ಡ್ ಮಸ್ಟಾಂಗ್ 1964ರಲ್ಲಿ ಬಂದಾಗ ಕೆಳಗೆ ಇದ್ದಿದ್ದು ಬಹುಪಾಲು ಫಾಲ್ಕನ್ ಅನ್ನುವ ಸಾದಾ ಕಾರಿನ ಸಾಮಾನು. ಅದಕ್ಕೇ ಅದು ಅಗ್ಗವಾಯಿತು, ತಾನೇ ದುಡಿಯಿತು. 2018ಕ್ಕೆ ಕಟ್ಟಿದ ಮಸ್ಟಾಂಗ್‌ಗಳ ಸಂಖ್ಯೆ ಒಂದು ಕೋಟಿ ಮುಟ್ಟಿತು. ಅದೇ ಫೋರ್ಡಿನ ಜಿಟಿ ಅನ್ನುವ ಸ್ಪೋರ್ಟ್ಸ್ ಕಾರು 2016ರಲ್ಲಿ ಲೆ ಮಾನ್ಸ್‌ನ 24 ಗಂಟೆಯ ರೇಸಿನಲ್ಲಿ ತನ್ನ ವರ್ಗದಲ್ಲಿ ಗೆದ್ದಿತು, ಆದರೆ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂತ ಕಂಪನಿ ಹೇಳಿದಾಗ ಆ ಗೆಲುವು ಇಲ್ಲಿನ ಫಿಗೋ, ಇಕೋಸ್ಪೋರ್ಟ್ ಮಾಲೀಕರಿಗೆ ಯಾವ ಆಸರೆಯೂ ಆಗಲಿಲ್ಲ.

ನಮ್ಮ ಕಡೆ ಗರಡಿಮನೆ ಗೊತ್ತಲ್ಲ. ಹೆಸರಾಂತ ಪೈಲ್ವಾನ ಒಬ್ಬ ಇದ್ದರೆ ಗರಡಿಗೆ ಹೆಸರು, ನಿಜ. ಆದರೆ ಅವನು ದಿನಾ ಬೆಳಗ್ಗೆ ಹುಡುಗರ ಜೊತೆ ಮಣ್ಣಿಗೆ ಇಳಿದರೆ ಮಾತ್ರ ಹುಡುಗರಿಗೆ ಪಟ್ಟು ಬರುತ್ತದೆ. ಕಾರಿನಲ್ಲೂ ನಾನು ನೋಡುವುದು ಅದನ್ನೇ. ತುದಿಯ ಕಾರು ಕಟ್ಟಿದ ಜನ, ಅದೇ ಯಂತ್ರ, ಅದೇ ಅಳತೆಯ ಶಿಸ್ತು ಸಾದಾ ಕಾರಿನ ಲೈನಿಗೆ ಬಂತಾ? ಬಂದಿದ್ದರೆ ಆ ಕಾರು ಕಂಪನಿಗೆ ಬೇಕು. ಹೊರಗಿನವರ ಕೈಯಲ್ಲಿ ಮಾಡಿಸಿ ಬೋರ್ಡು ಹಚ್ಚಿಕೊಂಡಿದ್ದರೆ ಬೇಡ.

ಇನ್ನು ಸ್ಪೋರ್ಟ್ಸ್ ಕಾರಿಲ್ಲದೆ ಹೆಸರು ಬರಲ್ಲ ಅನ್ನುವವರಿಗೆ ಒಂದು ಮಾತು. ಬಿಡದಿಯಲ್ಲಿ ಟೊಯೋಟಾ ಜೊತೆ ಇರುವ ಕಿರ್ಲೋಸ್ಕರ್ ಅನ್ನುವ ಹೆಸರು ನಮ್ಮ ಜಿಲ್ಲೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ರೈತನ ಹೊಲದಲ್ಲಿ ಬಾಳಿಕೆ ಬಂದದ್ದರಿಂದ ಹೆಸರು ಬಂತು.

ಬೆಳಗಾವಿ, ಮೆಕ್ಯಾನಿಕಲ್ ವಿದ್ಯಾರ್ಥಿನಿ:

ಫೌಂಡ್ರಿ ಅಣ್ಣ ಹೇಳಿದ್ದು ಬಹುಪಾಲು ಒಪ್ಪುತ್ತೇನೆ. ಆದರೆ ದುಡ್ಡು, ಸಾಮಾನು ಇಷ್ಟೇ ಲೆಕ್ಕ ಹಾಕಿದರೆ ಮನುಷ್ಯರು ಬಿಟ್ಟು ಹೋಗುತ್ತಾರೆ. ನಾನು ಈ ಬ್ರಾಂಚ್ ತಗೊಂಡಿದ್ದಕ್ಕೆ ಕಾರಣವೇ ಜಿಟಿ-ಆರ್. ಅದರ ಒಂದೊಂದು ಇಂಜಿನನ್ನೂ ಯೋಕೊಹಾಮಾದಲ್ಲಿ ಒಬ್ಬನೇ ಕುಶಲಕರ್ಮಿ ಕೈಯಾರೆ ಜೋಡಿಸಿ ತನ್ನ ಹೆಸರಿನ ಫಲಕ ಹಚ್ಚುತ್ತಿದ್ದ. ಅದನ್ನು ನೋಡಿದ ದಿನವೇ ಇದೇ ಓದಬೇಕು ಅಂತ ಮನೆಯಲ್ಲಿ ಹೇಳಿದೆ. ನನ್ನ ಜೊತೆ ಓದುವವರಲ್ಲಿ ಎಷ್ಟೋ ಜನ ಈಗಲೇ ಸಾಫ್ಟ್‌ವೇರ್ ಕಡೆ ಮುಖ ಮಾಡಿದ್ದಾರೆ. ಇಂಥವರನ್ನು ಯಂತ್ರದ ಕಡೆ ಹಿಡಿದು ನಿಲ್ಲಿಸೋದು ಬ್ರೋಷರ್ ಅಲ್ಲ, ಕನಸಿನ ಕಾರು.

ಅದಕ್ಕೇ ಟಾಟಾದ ರೇಸ್‌ಮೊ ಅನ್ನುವ ಸ್ಪೋರ್ಟ್ಸ್ ಕಾರು ನಿಂತುಹೋಗಿದ್ದು ನನಗೆ ಇವತ್ತಿಗೂ ಬೇಜಾರು. 2017ರಲ್ಲಿ ಜಿನೀವಾದಲ್ಲಿ ತೋರಿಸಿದರು. ಎರಡು ಸೀಟು, ಇಂಜಿನ್ ನಡುವೆ, 1.2 ಲೀಟರಿನ ಪುಟ್ಟ ಟರ್ಬೊ (ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ) ಇಂಜಿನ್‌ನಿಂದಲೇ 190 ಅಶ್ವಶಕ್ತಿ. ಖರ್ಚು ನೋಡಿ ಕೈಬಿಟ್ಟರು. ಮರುವರ್ಷ ಡಿಸೆಂಬರಿನಲ್ಲಿ ಅದೇ ಕಂಪನಿಯ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆಯ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದು ಸ್ಟಾರ್ ತಗೊಂಡಿತು, ಭಾರತದಲ್ಲಿ ತಯಾರಾದ ಕಾರಿಗೆ ಅದು ಮೊದಲ ಸಲ. ಜನ ಇವತ್ತು ಆ ಕಂಪನಿ ಅಂದ್ರೆ ಗಟ್ಟಿ ಬಾಡಿ ಅನ್ನೋದು ಆ ಸ್ಟಾರ್‌ಗಳಿಂದ. ಕಂಪನಿಗೆ ಲಾಭವಾಯಿತು, ಜನರ ಜೀವ ಉಳಿಯಲೂ ಒಳ್ಳೆಯದಾಯಿತು, ಇದನ್ನು ಮನಸಾರೆ ಹೇಳುತ್ತೇನೆ. ಆದರೆ ಎರಡೂ ಬೇಕಿತ್ತು.

ಉದ್ಯಮಬಾಗ, ಫೌಂಡ್ರಿ:

ತಂಗೀ, ನಿನ್ನ ಮಾತು ಸರಿ. ಹೊಸ ಹುಡುಗರು ಬರದಿದ್ದರೆ ನಮ್ಮ ಭಟ್ಟಿ ಕಾಯಿಸೋರು ಯಾರು. ಆದರೆ ಆ ಕನಸು 190 ಅಶ್ವಶಕ್ತಿಯ ಪುಟ್ಟ ಕಾರಿನಿಂದಲೂ ಬರುತ್ತದೆ ಅಂತ ನೀನೇ ಹೇಳಿದೆಯಲ್ಲ, ನನ್ನ ವಾದವೂ ಅದೇ. ಎರಡು ಕೋಟಿ ಬೇಕಿಲ್ಲ.

ಬಾಗಲಕೋಟೆ ನವನಗರ, ಕಾರು ಮಾಲೀಕ:

ನನ್ನ ಹತ್ರ ಒಂದು ಚಿಕ್ಕ ಟರ್ಬೊ ಹ್ಯಾಚ್‌ಬ್ಯಾಕ್ ಇದೆ. ಕಂಪನಿ ಹೆಸರು ಬೇಡ, ಈಗ ಅವರು ಇಲ್ಲಿ ಆ ಕಾರು ಮಾರುತ್ತಿಲ್ಲ. ಸಾದಾ ಕಾರಿನದೇ ಬಾಡಿ, ಇಂಜಿನ್ ಮಾತ್ರ ಬೇರೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬೆಳಗಿನ ಹೊತ್ತು ಹುನಗುಂದದ ಕಡೆ ಹೆದ್ದಾರಿ ಖಾಲಿ ಇದ್ದಾಗ ಅದನ್ನು ಓಡಿಸುವ ಖುಷಿ ನನಗೆ ಬೇರೆ ಯಾವ ಕಾರೂ ಕೊಟ್ಟಿಲ್ಲ. ಬಾಡಿಯ ಸಾಮಾನು ಹೇಗೋ ಸಿಗುತ್ತದೆ. ಟರ್ಬೊಗೆ ಸಂಬಂಧಪಟ್ಟದ್ದು ಬೇಕಂದ್ರೆ ಪುಣೆಗೆ ಫೋನ್ ಹಚ್ಚಿ ಕಾಯಬೇಕು. ಅಂದ್ರೂ ಮಾರಲ್ಲ.

ನನ್ನ ಬೇಡಿಕೆ ಇಷ್ಟೇ: ಕಂಪನಿಗಳು ಇಂಥ ಕಾರು ಮಾಡಲಿ, ಮಾಡಿದ ಮೇಲೆ ಕೈಬಿಡದಿರಲಿ. ಟಾಟಾದ ಟಿಯಾಗೊ ಜೆಟಿಪಿ ನೆನಪಿದೆಯಾ? 2018ರಲ್ಲಿ ಬಂತು, ಆರೂವರೆ ಲಕ್ಷದೊಳಗೆ 114 ಅಶ್ವಶಕ್ತಿ, 2020ಕ್ಕೆ ನಿಂತಿತು. ಬೇಡಿಕೆಯೇ ಇಲ್ಲ ಅನ್ನಬೇಡಿ. 2025ರಲ್ಲಿ ಸ್ಕೋಡಾ 49.99 ಲಕ್ಷಕ್ಕೆ ತಂದ ಆಕ್ಟೇವಿಯಾ ಆರ್‌ಎಸ್ ನೂರಕ್ಕೆ ನೂರೂ ಬುಕ್ ಆದವು. ಅದೂ ಸಾದಾ ಆಕ್ಟೇವಿಯಾದಿಂದಲೇ ಬೆಳೆದ ಗಾಡಿ.

ಮುಧೋಳ, ಗ್ಯಾರೇಜ್:

ಎಲೆಕ್ಟ್ರಿಕ್ ಬಂದ ಮೇಲೆ ಈ ವಾದದ ಲೆಕ್ಕವೇ ಬದಲಾಗಿದೆ, ಅದನ್ನು ಯಾರೂ ಹೇಳಲಿಲ್ಲ. ಮಹೀಂದ್ರಾದವರ ಬಿಇ 6 ದೊಡ್ಡ ಬ್ಯಾಟರಿಯದು ಸೊನ್ನೆಯಿಂದ ನೂರಕ್ಕೆ 6.7 ಸೆಕೆಂಡಿನಲ್ಲಿ ಹೋಗುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಐದು ಜನ ಕೂರುವ ಗಾಡಿ. ವೇಗ ಇಷ್ಟು ಸುಲಭವಾದಾಗ ಬರೀ ವೇಗದ ಮೇಲೆ ಹೆಸರು ಕಟ್ಟೋದು ಕಷ್ಟ. ಅದೇ ಗುಂಪಿನ ಪಿನಿನ್‌ಫರಿನಾದವರು 1,900 ಅಶ್ವಶಕ್ತಿಯ ಬತಿಸ್ತಾ ಅನ್ನುವ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಮಾಡಿದ್ದಾರೆ, 150ಕ್ಕಿಂತ ಜಾಸ್ತಿ ಕಟ್ಟಲ್ಲ ಅಂದಿದ್ದರು. ನಮ್ಮ ಊರಲ್ಲಿ ಅದನ್ನು ಬಲ್ಲವರಿಲ್ಲ. ಥಾರ್ ಕಂಡರೆ ಮಾತ್ರ ಸಣ್ಣ ಹುಡುಗರೂ ತಿರುಗಿ ನೋಡುತ್ತಾರೆ.

ಜಮಖಂಡಿ ಅಣ್ಣಾ, ನಿಮ್ಮ ದಾರಿಯಲ್ಲಿ ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಅದನ್ನು ದಾಟಲು ಬೇಕಾಗಿದ್ದು ಮೂರನೇ ಗೇರಿನಲ್ಲಿ ತಡಮಾಡದೆ ಎಳೆಯುವ ಇಂಜಿನ್, ಮತ್ತೆ ಒಳ್ಳೆಯ ಬ್ರೇಕ್. ಎರಡೂ ಗಾಡಿಯನ್ನು ಮನೆಮಂದಿ ತುಂಬಿಸಿಕೊಂಡು, ಎಸಿ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಶೋರೂಮ್ ಸುತ್ತ ಒಂದು ರೌಂಡು ಹೊಡೆದರೆ ಏನೂ ತಿಳಿಯಲ್ಲ.

ಜಮಖಂಡಿಯಿಂದ:

ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಪೂರ್ತಿ ಓದಿಸಿದೆ. ಅವನು ಈಗ ಕೇಳೋದು, ಆ ಕಂಪನಿಯ ಸ್ಪೋರ್ಟ್ಸ್ ಕಾರಿನ ಪಾಠ ನಮ್ಮ ಕಾರಿಗೆ ಬಂದಿದೆಯಾ ಅಂತ ಶೋರೂಮಿನಲ್ಲಿ ಕಂಡುಹಿಡಿಯೋದು ಹೇಗೆ? ಅಪ್ಪ ಕೇಳೋದು, ಟರ್ಬೊ ಪೆಟ್ರೋಲ್ ನಮ್ಮ ಕಡೆ ತಡೆಯುತ್ತಾ?

ಮುಧೋಳ, ಗ್ಯಾರೇಜ್:

ತಮ್ಮನಿಗೆ ಹೇಳಿ, ಬ್ರೋಷರ್ ಬಿಟ್ಟು ಬೇಸ್ ಮಾಡೆಲ್ ನೋಡಲಿ. ಆರು ಏರ್‌ಬ್ಯಾಗ್, ಇಎಸ್‌ಸಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ಬೇಸ್‌ನಲ್ಲೇ ಇದೆಯಾ, ಹಿಂದಿನ ಚಕ್ರಕ್ಕೆ ಡಿಸ್ಕ್ ಯಾವ ಮಾಡೆಲ್‌ನಿಂದ, ಕ್ರ್ಯಾಶ್ ಟೆಸ್ಟ್ ಆಗಿದೆಯಾ. ಕಂಪನಿಗೆ ಇಂಜಿನಿಯರಿಂಗ್ ಮೇಲೆ ಪ್ರೀತಿ ಇದ್ದರೆ ಅಲ್ಲೇ ಕಾಣಿಸುತ್ತದೆ. ಅಪ್ಪಾಜಿಗೆ ಹೇಳಿ, ಟರ್ಬೊ ತಡೆಯುತ್ತದೆ. ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹೇಳಿದ ಹೊತ್ತಿಗೆ ಬದಲಾಯಿಸಬೇಕು, ನಮ್ಮ ಧೂಳಿಗೆ ಏರ್ ಫಿಲ್ಟರ್ ಇನ್ನೂ ಬೇಗ. ದೂರ ಜೋರಾಗಿ ಓಡಿಸಿ ಬಂದ ಕೂಡಲೇ ಇಂಜಿನ್ ಬಂದ್ ಮಾಡದೆ ಒಂದು ನಿಮಿಷ ಸುಮ್ನೆ ಬಿಡಿ. ಬುಕ್ ಮಾಡುವ ಮುಂಚೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಒಮ್ಮೆ ಹೋಗಿ, ಟರ್ಬೊ ಪೈಪು ಮತ್ತು ಬಂಪರ್ ಸ್ಟಾಕಿನಲ್ಲಿ ಇದೆಯಾ, ಇಲ್ಲದಿದ್ದರೆ ಎಷ್ಟು ದಿನಕ್ಕೆ ಬರುತ್ತೆ ಅಂತ ಪಾರ್ಟ್ಸ್ ಕೌಂಟರಿನಲ್ಲೇ ಕೇಳಿ. ಸೇಲ್ಸ್‌ನವರನ್ನು ಕೇಳಬೇಡಿ.