ಮೇ ಕೊನೆಯಲ್ಲಿ ಪಿಸಿಟಿ ಮರುಭೂಮಿ: 4 ಲೀಟರ್ ನೀರು ಸಾಕೇ?

ಪ್ರಶ್ನೆ: ಅಮೆರಿಕದ ಉದ್ದದ ಕಾಲ್ನಡಿಗೆ ದಾರಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ (ಪಿಸಿಟಿ) ದಕ್ಷಿಣ ಕ್ಯಾಲಿಫೋರ್ನಿಯಾ ಭಾಗವನ್ನು ಮೇ ಕೊನೆಗೆ ಮೆಕ್ಸಿಕೊ ಗಡಿಯ ಕ್ಯಾಂಪೋದಿಂದ ಶುರು ಮಾಡುವ ಯೋಚನೆ. ಸಿಸರ್ಸ್ ಕ್ರಾಸಿಂಗ್ ಎಂಬ ರಸ್ತೆ ಕೂಡು ದಾಟಿದ ಮೇಲೆ 4 ಲೀಟರ್ ಸಾಕಾಗುತ್ತಾ?

ಉತ್ತರ 1: ಖಂಡಿತ ಸಾಲದು. ಅಲ್ಲಿಂದ ಮುಂದಿನ ನೀರಿನ ಬುಗ್ಗೆ ಬ್ಯಾರೆಲ್ ಸ್ಪ್ರಿಂಗ್‌ಗೆ ಸುಮಾರು 38 ಕಿ.ಮೀ. ನಡುವೆ ಸ್ವಯಂಸೇವಕರು ಇಡುವ ಕ್ಯಾನುಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅವು ಖಾಲಿಯಿದ್ದರೆ ಹಿಂದಕ್ಕೂ ಮುಂದಕ್ಕೂ ನೀರು ದೂರವೇ. ಕನಿಷ್ಠ 7 ಲೀಟರ್ ಹೊರಿ. ಕ್ರಾಸಿಂಗ್‌ನ ತೊರೆ ಬತ್ತಿರಬಹುದು, ಹತ್ತಿರದ ಜೂಲಿಯನ್ ಊರಿಗೆ ಹೋಗಿ ತುಂಬಿಕೊಂಡು ಬನ್ನಿ. ಸಂಜೆ 5ಕ್ಕೆ ಹೊರಟು 12-13 ಕಿ.ಮೀ. ನಡೆದು ಮಲಗಿ, ಬೆಳಗ್ಗೆ 4ಕ್ಕೆ ಎದ್ದರೆ ಬಿಸಿಲೇರುವಷ್ಟರಲ್ಲಿ ಬಹುಪಾಲು ದಾರಿ ಮುಗಿದಿರುತ್ತದೆ. ಸ್ಯಾನ್ ಫೆಲಿಪೆ ಬೆಟ್ಟಸಾಲಿನಲ್ಲಿ ನೆರಳೇ ಅಪರೂಪ, ಬೆಳ್ಳಿಬಣ್ಣದ ಕೊಡೆ ಇರಲಿ. ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಚ್ಚಿಕೊಂಡೇ ನಡೆಯಿರಿ, ಬುಡುಬುಡಿಕೆ ಹಾವುಗಳು ದಾರಿಯಲ್ಲೇ ಬಿದ್ದಿರುತ್ತವೆ.

ಉತ್ತರ 2: ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಶುರುವಾಗಬಹುದು. ಜನ ಅದನ್ನೇ ಬಾಯಾರಿಕೆ ಅಂದುಕೊಂಡು ಇನ್ನಷ್ಟು ಕುಡಿಯುತ್ತಾರೆ, ಅಪಾಯ ಅಲ್ಲೇ. ಉಪ್ಪಿನ ತಿಂಡಿ ತಿನ್ನುತ್ತಾ ಇರಿ, ಜೊತೆಗೆ ಓಆರ್‌ಎಸ್. ಮಾತು ತೊದಲಿದರೆ, ಗೊಂದಲವಾದರೆ ಅದು ಹೀಟ್‌ಸ್ಟ್ರೋಕ್ ಇರಬಹುದು: ನೆರಳಿಗೆ ತಂದು ಮೈ ತೋಯಿಸಿ ಗಾಳಿ ಬೀಸಿ, ಸ್ಯಾಟಲೈಟ್ ಸಾಧನದ ಎಸ್‌ಓಎಸ್ ಒತ್ತಿ.

ಉತ್ತರ 3: ಹೀರುವ ಪೈಪಿನ ನೀರಿನ ಚೀಲವೊಂದನ್ನೇ ನಂಬಬೇಡಿ. ಒಂದು ಮುಳ್ಳು ಚುಚ್ಚಿದರೆ ನೀರೆಲ್ಲ ಹೋಯಿತು. 1 ಲೀಟರ್‌ನ ಬಾಟಲಿಗಳಲ್ಲಿ ಹಂಚಿಡಿ.