ಫೋನಲ್ಲಿ ಮಾತಾಡಿದ ದಿನವೇ ಆಫರ್ ಲೆಟರ್ ಬಂದಿದೆ, ಅನುಮಾನ ಪಡಬೇಕಾ?

ಪ್ರಶ್ನೆ: ನಮಸ್ಕಾರ. ನಾನು ಬಿ.ಕಾಂ., ಮೈಸೂರಿನ ಹೂಟಗಳ್ಳಿಯಲ್ಲಿ ಅಕೌಂಟ್ಸ್ ಕೆಲಸ. ಕೈಗೆ 24,500 ಬರುತ್ತೆ, ನೋಟಿಸ್ ಪೀರಿಯಡ್ 60 ದಿನ. ಇಲ್ಲೇ ಮೈಸೂರಿನ ಹೆಬ್ಬಾಳದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯವರು ಫೋನಲ್ಲಿ 20 ನಿಮಿಷ ಮಾತಾಡಿಸಿ ಅದೇ ಸಂಜೆ ಆಫರ್ ಲೆಟರ್ ಮೇಲ್ ಮಾಡಿದ್ದಾರೆ. ಸಿಟಿಸಿ (ನನಗಾಗಿ ಕಂಪನಿಗೆ ಬೀಳೋ ಒಟ್ಟು ಖರ್ಚು) ವರ್ಷಕ್ಕೆ 3,84,000, ಅದರಲ್ಲಿ ಶೇ. 10 ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡೋದು. ನಾಳೆ ಸಂಜೆಯೊಳಗೆ ಸಹಿ ಮಾಡಿ ಕಳಿಸಬೇಕಂತೆ, 15 ದಿನದಲ್ಲಿ ಸೇರಬೇಕಂತೆ. 2 ವರ್ಷದ ಬಾಂಡ್, ಮಧ್ಯದಲ್ಲಿ ಬಿಟ್ಟರೆ 1 ಲಕ್ಷ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ರ ಇರಬೇಕು. ದುಡ್ಡೇನೂ ಕೇಳಿಲ್ಲ. ಇಷ್ಟು ಬೇಗ ಕೊಟ್ಟಿದ್ದೇ ಭಯ. ಸೇರಬಹುದಾ?

ಉತ್ತರ (ಎಚ್‌ಆರ್): ಮೇಡಂ, ಬೇಗ ಕೊಟ್ಟರು ಅನ್ನೋದೊಂದಕ್ಕೇ ಹೆದರಬೇಡಿ. ಗಾರ್ಮೆಂಟ್ಸ್, ಬಿಪಿಒ, ಸೇಲ್ಸ್, ಮೆಷಿನ್ ಆಪರೇಟರ್ ಕೆಲಸಕ್ಕೆ ಬೆಳಿಗ್ಗೆ ವಾಕ್-ಇನ್, ಮಧ್ಯಾಹ್ನ ಆಫರ್ ಮಾಮೂಲು. ಅಕೌಂಟ್ಸಲ್ಲೂ ಇದ್ದವರು ಹೇಳದೆ ಕೇಳದೆ ಬಿಟ್ಟುಹೋದರೆ ಅವಸರ ಇದ್ದೇ ಇರುತ್ತೆ: ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಈ ಜಿಎಸ್‌ಟಿ ರಿಟರ್ನ್‌ಗಳ ಗಡುವು ಯಾರಿಗೂ ಕಾಯಲ್ಲ.

ನೋಡಬೇಕಾದ್ದು ಆ 20 ನಿಮಿಷದಲ್ಲಿ ಏನು ಕೇಳಿದರು ಅನ್ನೋದನ್ನ. ಟ್ಯಾಲಿ, ಟಿಡಿಎಸ್, ಬ್ಯಾಂಕ್ ರಿಕನ್ಸಿಲಿಯೇಷನ್ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದ್ದರೆ ಸರಿ. ಬರೀ ‘ಯಾವಾಗ ಸೇರ್ತೀರಾ, ಗಾಡಿ ಇದೆಯಾ, ಫೀಲ್ಡಿಗೆ ಹೋಗ್ತೀರಾ’ ಅಂತ ಕೇಳಿದ್ದರೆ ಅದು ಅಕೌಂಟ್ಸ್ ಹುದ್ದೆನೇ ಅಲ್ಲದೆ ವಸೂಲಿ ಕೆಲಸ ಇರಬಹುದು. ನೀವು ಯಾರ ಕೈಕೆಳಗೆ ಕೆಲಸ ಮಾಡ್ತೀರೋ ಅವರ ಜೊತೆ 15 ನಿಮಿಷ ಮುಖಾಮುಖಿ ಮಾತು ಕೇಳಿ. ಹಿಂದಿದ್ದವರು ಎಷ್ಟು ತಿಂಗಳು ಇದ್ದರು, ಯಾಕೆ ಬಿಟ್ಟರು ಅಂತಲೂ ನೇರ ಕೇಳಿ. ನಿಜವಾಗಿ ಜನ ಬೇಕಾದವರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಇನ್ನು ಸಂಬಳ. ತಿಂಗಳಿಗೆ 32,000 ಅಂತ ಕಂಡರೂ ವೇರಿಯಬಲ್ 3,200 ತೆಗೆಯಿರಿ, 28,800. ಬೇಸಿಕ್ (ಮೂಲ ವೇತನ) 16,000 ಅಂತಿಟ್ಟರೆ ಕಂಪನಿ ಪಾಲಿನ ಪಿಎಫ್ 1,800, ಗ್ರಾಚ್ಯುಟಿ ಸುಮಾರು 770 ಅದರೊಳಗೇ ಸೇರಿರುತ್ತೆ. ಉಳಿದದ್ದು 26,230. ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 24,230. ಈಗ ಬರ್ತಿರೋದಕ್ಕಿಂತ 270 ರೂಪಾಯಿ ಕಮ್ಮಿ! ಸಂಬಳ ವಿಂಗಡಿಸಿ ತೋರಿಸೋ ಅನೆಕ್ಷರ್ ತರಿಸಿಕೊಂಡು ನಿಮ್ಮ ಬೇಸಿಕ್ ಎಷ್ಟಿದೆಯೋ ಅದನ್ನು ಹಾಕಿ ಲೆಕ್ಕ ಮಾಡಿ.

ಪ್ರಶ್ನೆ ಕೇಳಿದವರು: ಅಯ್ಯೋ, ಇದು ಗೊತ್ತೇ ಆಗಿರಲಿಲ್ಲ. ಕಂಪನಿ ಅಸಲಿನೋ ನಕಲಿನೋ ನೋಡೋದು ಹೇಗೆ ಸರ್?

ಉತ್ತರ (ಎಚ್‌ಆರ್): ಲೆಟರ್‌ಹೆಡ್‌ನಲ್ಲಿ 21 ಅಕ್ಷರ-ಅಂಕಿಯ ಸಿಐಎನ್ (ಕಂಪನಿಯ ನೋಂದಣಿ ಸಂಖ್ಯೆ) ಇರಬೇಕು. ಮೊದಲಕ್ಷರ ಮತ್ತು ಐದು ಅಂಕಿ ಆದಮೇಲೆ ರಾಜ್ಯದ ಎರಡಕ್ಷರ, ಆಮೇಲಿನ ನಾಲ್ಕಂಕಿ ಕಂಪನಿ ಶುರುವಾದ ವರ್ಷ. ‘20 ವರ್ಷದ ಅನುಭವ’ ಅಂತ ಹಾಕ್ಕೊಂಡು ಅಲ್ಲಿ 2024 ಇದ್ದರೆ ವಿವರಣೆ ಕೇಳಿ. ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಅದು ‘ಆಕ್ಟಿವ್’ ಅಂತ ಇದೆಯಾ ನೋಡಿ. ಜಿಎಸ್‌ಟಿ ನಂಬರ್ 29ರಿಂದ ಶುರುವಾದರೆ ಕರ್ನಾಟಕದ್ದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ವಿಳಾಸವೂ ಸಿಗುತ್ತೆ. ಪಿಎಫ್ ನೋಡಿಕೊಳ್ಳೋ ಸಂಸ್ಥೆ ಇಪಿಎಫ್‌ಒ ಜಾಲತಾಣದಲ್ಲಿ ಕಂಪನಿ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಅಂತ ಬರುತ್ತೆ. 200 ಜನ ಇದ್ದಾರೆ ಅಂದವರು 11 ಜನಕ್ಕೆ ಕಟ್ಟಿದ್ದರೆ ನೀವೇ ಅರ್ಥ ಮಾಡ್ಕೊಳ್ಳಿ.

ಹೆಬ್ಬಾಳ ನಿಮಗೇನು ದೂರ? ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಎದುರಿನ ಟೀ ಅಂಗಡಿಯಲ್ಲಿ ನಿಂತು ‘ಸಂಬಳ ಸರಿಯಾಗಿ ಆಗುತ್ತಾ’ ಅಂತ ಕೇಳಿ. ಯಾವ ಪೋರ್ಟಲ್‌ನಲ್ಲೂ ಸಿಗದ ಉತ್ತರ ಅಲ್ಲಿ ಸಿಗುತ್ತೆ.

ಉತ್ತರ (ಕಾರ್ಮಿಕ ವಕೀಲರು): ಬಾಂಡ್ ಬಗ್ಗೆ ಎರಡು ಮಾತು. ‘ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ’ ಅಂತ ಗ್ರೂಪಲ್ಲಿ ಆಗಾಗ ಬರೀತಾರೆ, ಅದು ತಪ್ಪು. 2025ರಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, 3 ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ಅನ್ನೋ ಷರತ್ತನ್ನು ಎತ್ತಿಹಿಡಿದಿದೆ. ಆದರೆ ಅದು ಸರ್ಕಾರಿ ಬ್ಯಾಂಕ್. ಒಬ್ಬರು ಹೋದರೆ ಮತ್ತೆ ಜಾಹೀರಾತು ಕೊಟ್ಟು ಆಯ್ಕೆ ನಡೆಸುವ ಖರ್ಚಿದೆ. ಫೋನಲ್ಲಿ 20 ನಿಮಿಷಕ್ಕೆ ಆರಿಸಿದವರಿಗೆ 1 ಲಕ್ಷ ನಷ್ಟ ಎಲ್ಲಿಂದ ಬಂತು? 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದಷ್ಟೂ ಸಿಗಬೇಕೆಂದಿಲ್ಲ, ಅದು ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದಷ್ಟು ಮಾತ್ರ. ಏನು ತರಬೇತಿ, ಎಷ್ಟು ಖರ್ಚು ಅಂತ ಬರಹದಲ್ಲಿ ಕೇಳಿ. ತಿಂಗಳು ಕಳೆದಂತೆ ಮೊತ್ತ ಇಳಿಯುವ ಹಾಗೆ ಮಾಡಿಸಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಬಿಟ್ಟುಬರಬೇಡಿ. ತೋರಿಸಿ, ಸಹಿ ಮಾಡಿದ ಜೆರಾಕ್ಸ್ ಕೊಡಿ. ಸಹಿ ಹಾಕಿದ ಖಾಲಿ ಚೆಕ್ ಕೇಳಿದರಂತೂ ಎದ್ದು ಬನ್ನಿ. ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕ್ರಿಮಿನಲ್ ಕೇಸು ನಿಮ್ಮ ಮೇಲೆ.

15 ದಿನದಲ್ಲಿ ಸೇರಬೇಕಾದರೆ ಉಳಿದ 45 ದಿನದ ನೋಟಿಸ್ ದುಡ್ಡು (ಬೈಔಟ್) ಯಾರು ಕಟ್ತಾರೆ? ಅದು ಇತ್ಯರ್ಥ ಆಗುವವರೆಗೆ ರಾಜೀನಾಮೆ ಕೊಡಬೇಡಿ. ಈಗ ಅವರಿಗೆ ಹೀಗೆ ಮೇಲ್ ಹಾಕಿ: ‘ಆಫರ್‌ಗೆ ಧನ್ಯವಾದ. ಸಂಬಳದ ಅನೆಕ್ಷರ್, ಬಾಂಡ್ ಕರಡು, ನೋಟಿಸ್ ಬೈಔಟ್ ಯಾರದ್ದು ಎಂಬ ವಿವರ ಕಳಿಸಿ. ಸಿಕ್ಕ 3 ಕೆಲಸದ ದಿನದೊಳಗೆ ಉತ್ತರಿಸುತ್ತೇನೆ.’ ಇದಕ್ಕೆ ‘ಹಾಗಾದ್ರೆ ಆಫರ್ ಕ್ಯಾನ್ಸಲ್’ ಅಂದರೆ ಹೋಗಲಿ ಬಿಡಿ.

ಇನ್ನೊಬ್ಬರು (ಮಂಡ್ಯ): ನನ್ನ ತಂಗಿಗೆ ವಾಟ್ಸಾಪಲ್ಲೇ ಸೆಲೆಕ್ಟ್ ಆಗಿದೆ ಅಂತ ಮೆಸೇಜು. ಮನೆಯಿಂದ ಡೇಟಾ ಎಂಟ್ರಿ. ಲ್ಯಾಪ್‌ಟಾಪ್ ಕಳಿಸೋಕೆ 1,850 ಕಟ್ಟಿ ಅಂತಾರೆ, ವಾಪಸ್ ಕೊಡ್ತಾರಂತೆ. ನಿನ್ನೆ ಕಟ್ಟಿಬಿಟ್ಟಿದ್ದಾಳೆ.

ಉತ್ತರ (ಎಚ್‌ಆರ್): ಇದು ಮೋಸವೇ ಅಣ್ಣ, ಯೋಚನೆ ಮಾಡೋ ಹಾಗೇ ಇಲ್ಲ. ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ಆ್ಯಪ್‌ನಲ್ಲಿ ಆ ಪಾವತಿ ತೆರೆದರೆ 12 ಅಂಕಿಯ ಯುಟಿಆರ್ (ಆ ಪಾವತಿಯ ಗುರುತಿನ) ನಂಬರ್ ಇರುತ್ತೆ, ಅದನ್ನ ಹೇಳಿ. ಬ್ಯಾಂಕಿಗೂ ತಿಳಿಸಿ. ಚಾಟ್ ಅಳಿಸಬೇಡಿ. ‘ರೀಫಂಡ್‌ಗೆ ಪಿನ್ ಹಾಕಿ’ ಅಂತ ಮತ್ತೆ ಫೋನ್ ಬಂದೇ ಬರುತ್ತೆ. ದುಡ್ಡು ನಮಗೆ ಬರೋದಕ್ಕೆ ಪಿನ್ ಬೇಕಿಲ್ಲ. ಆಧಾರ್, ಪಾಸ್‌ಬುಕ್ ಫೋಟೋ ಕಳಿಸಿದ್ದಾಳಾ? ಕಳಿಸಿದ್ದರೆ ಅದನ್ನೂ ದೂರಿನಲ್ಲಿ ಬರೆಸಿ. ಆ ಖಾತೆಗೆ ಗುರುತಿಲ್ಲದ ದುಡ್ಡು ಬಂದರೆ ಯಾರು ಹೇಳಿದರೂ ಮುಂದಕ್ಕೆ ಕಳಿಸಬಾರದು, ಬ್ಯಾಂಕಿಗೆ ಬರೆದುಕೊಡಲಿ.